ಅಳಿಯನಿಗೆ ಆರಿಸಿಕೊಟ್ಟ ಚಾಕು

ಮಗಳ ಮದುವೆಯಾಗಿ ಆರು ವರ್ಷ ಕಳೆದಿದ್ದರೂ ಬಡಗಿ ಅಳಿಯನ ಜೊತೆ ಆಡಿದ್ದ ಮಾತನ್ನೆಲ್ಲ ಒಟ್ಟುಮಾಡಿದರೆ ಒಂದು ಬಸ್ ಟಿಕೆಟ್ಟಿನ ಹಿಂದೆ ಬರೆದು ಮುಗಿಸಬಹುದಿತ್ತು. "ಬಂದ್ರಾ?", "ಕೂತ್ಕೊಳ್ಳಿ", "ಹೊರಟ್ರಾ?" ಈ ಮೂರರಾಚೆಗೆ ಮಾತು ದಾಟಿದ್ದೇ ಅಪರೂಪ. ಮಾವ ಅಳಿಯ ಹಾಗೇ ಮೂರು ಮಾತಿನಲ್ಲೇ ಕಾಲ ಹಾಕಿದ್ದರೆ ಆ ಹುಡುಗ ಇವತ್ತಿಗೂ ಬದುಕಿರುತ್ತಿದ್ದ ಅನ್ನುವುದು ಬಡಗಿಯ ಲೆಕ್ಕ. ಆ ಲೆಕ್ಕ ತಪ್ಪು ಅಂತ ತೋರಿಸಿಕೊಡಲು ಯಾರಿಂದಲೂ ಆಗಿಲ್ಲ.

ಬಡಗಿ ಮಾಡುತ್ತಿದ್ದದ್ದು ಕುರ್ಚಿ. ಬಾಗಿಲು, ಕಿಟಕಿ, ಮಂಚ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಮನೆಯ ಹಿಂದೆ ತಗಡಿನ ಸೂರಿನ ಒಂದು ಕೋಣೆ, ಒಂದೇ ಕಿಟಕಿ, ಗೋಡೆಯುದ್ದಕ್ಕೂ ಸಾಲಾಗಿ ನೇತುಹಾಕಿದ ಉಳಿಗಳು. ನೆಲದ ಮೇಲೆ ಯಾವಾಗಲೂ ಕಾಲು ಹೂತುಹೋಗುವಷ್ಟು ಚಕ್ಕೆ. ಹೆಂಡತಿ ತೀರಿಕೊಂಡ ಮೇಲೆ ಅಡುಗೆಮನೆಗಿಂತ ಹೆಚ್ಚು ಹೊತ್ತು ಅಲ್ಲೇ ಇರುತ್ತಿದ್ದ. ಅವನು ಮಾಡಿದ ಕುರ್ಚಿಯಲ್ಲಿ ಕೂತವರು ಬೇಗ ಏಳುವುದಿಲ್ಲ ಅಂತ ಜನ ಹೇಳುತ್ತಿದ್ದರು. ಅವನ ಎದುರಿಗೆ ಕೂತವರು ಮಾತ್ರ ಬೇಗ ಏಳುತ್ತಿದ್ದರು. ನಾಲಿಗೆ ಅಷ್ಟು ಹರಿತ.

ಅಳಿಯನಿಗೆ ಕನ್ನಡಕದಂಗಡಿಯಲ್ಲಿ ಕೆಲಸ. ಬಂದವರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಣ್ಣಿಗೆ ಒಂದರ ಮೇಲೊಂದು ಗಾಜು ಇಟ್ಟು, "ಇದು ಚೆನ್ನಾಗಿ ಕಾಣುತ್ತಾ, ಅದಾ?" ಅಂತ ಕೇಳುವುದು. ಸಾಸಿವೆ ಕಾಳಿನಷ್ಟು ಸ್ಕ್ರೂವನ್ನು ಕನ್ನಡಕದ ಕಡ್ಡಿಗೆ ಕೂರಿಸುವುದು. ಮದುವೆಯಾದ ಹೊಸದರಲ್ಲಿ ಒಮ್ಮೆ ಮಾವನ ಮನೆಯ ಗೋಡೆಗೆ ಮೊಳೆ ಹೊಡೆಯಲು ಹೋಗಿ ಹೆಬ್ಬೆರಳನ್ನೇ ಜಜ್ಜಿಕೊಂಡಿದ್ದ. ಅವತ್ತಿನಿಂದ ಬಡಗಿ ಅವನ ಬೆನ್ನ ಹಿಂದೆ 'ಗಾಜಿನ ದೊರೆ' ಅಂತ ಕರೆಯುತ್ತಿದ್ದ. ಅಳಿಯ ಅಲ್ಲ ಮಗಳ ಗಂಡ ಅಂತ ಜನ ಎರಡನ್ನೂ ಒಂದು ಮಾಡಿ ನಗುತ್ತಾರಲ್ಲ, ಬಡಗಿಗೆ ಎರಡೂ ಬೇರೆಯೇ ಆಗಿದ್ದವು. ಮಗಳ ಗಂಡ ಹೌದು. ಅಳಿಯ ಇನ್ನೂ ಆಗಿರಲಿಲ್ಲ.

ಹಾಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಅವನು ಒಬ್ಬನೇ ಬಂದು ಕೆಲಸದ ಕೋಣೆಯ ಬಾಗಿಲಲ್ಲಿ ನಿಂತ. ಚಪ್ಪಲಿ ಬಿಡಬೇಕೋ ಬೇಡವೋ ಅಂತ ಗೊತ್ತಾಗದೆ ಒಂದನ್ನು ಬಿಟ್ಟು ಇನ್ನೊಂದನ್ನು ಹಾಕಿಕೊಂಡೇ ಇದ್ದ.

"ಮಾವ, ಒಂದು ಕೇಳಬೇಕಿತ್ತು."

"ಕೇಳಿ."

"ನನಗೊಂದು ಚಾಕು ಆರಿಸಿಕೊಡ್ತೀರಾ?"

ಬಡಗಿ ಉಳಿಯನ್ನು ಕೆಳಗಿಟ್ಟ. "ತರಕಾರಿ ಹೆಚ್ಚೋಕಾ?"

"ಅಲ್ಲ ಮಾವ. ಕಾಡಿಗೆ."

ವಿಷಯ ಇಷ್ಟು. ಊರಿನ ಕೆಲವರು ಸೇರಿ ರಜಾದಿನಗಳಲ್ಲಿ ಕಾಡಿನಲ್ಲಿ ಇರುವುದನ್ನು ಕಲಿಸುವ ಒಂದು ತರಗತಿ ನಡೆಸುತ್ತಿದ್ದರು. ಬೆಂಕಿ ಹೊತ್ತಿಸುವುದು, ಮಲಗಲು ಮರೆ ಕಟ್ಟಿಕೊಳ್ಳುವುದು, ಮರದಿಂದ ಬೇಕಾದ್ದನ್ನು ಕೆತ್ತಿಕೊಳ್ಳುವುದು. ಅಳಿಯ ಎರಡು ಸಲ ಹೋಗಿ ಬಂದಿದ್ದ. ಬೇರೆಯವರ ಚಾಕು ಕೇಳಿ ಕೇಳಿ ನಾಚಿಕೆಯಾಗಿತ್ತು.

"ನಿಮಗ್ಯಾಕೆ ಇದೆಲ್ಲ?" ಅಂದ ಬಡಗಿ.

"ದಿನಾ ಕತ್ತಲೆ ಕೋಣೆಯಲ್ಲಿ ಬೇರೆಯವರ ಕಣ್ಣು ನೋಡ್ತೀನಿ ಮಾವ. ನನ್ನ ಕಣ್ಣು ಹತ್ತಡಿಗಿಂತ ದೂರ ಏನನ್ನಾದರೂ ನೋಡಿ ವರ್ಷಗಳಾದವು."

ಈ ಮಾತು ಬಡಗಿಗೆ ಯಾಕೋ ತಾಗಿತು. ಒಳಗೆ ಹೋಗಿ ಅಂಗಿ ಬದಲಿಸಿಕೊಂಡು ಬಂದ.

ಪೇಟೆಯಲ್ಲಿ ಒಂದು ದೊಡ್ಡ ಅಂಗಡಿ. ಡೇರೆ, ಹಗ್ಗ, ಬೆನ್ನಚೀಲ ಎಲ್ಲ ಸಿಗುತ್ತಿತ್ತು. ಚಾಕುಗಳು ಗಾಜಿನ ಪೆಟ್ಟಿಗೆಯೊಳಗೆ. ಅಳಿಯನ ಕಣ್ಣು ನೇರ ಹೋಗಿದ್ದು ಮೊಣಕೈಯುದ್ದದ ಒಂದು ಕಪ್ಪು ಚಾಕುವಿನ ಮೇಲೆ. ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ.

"ಇದು ಚಾಕೋ, ಮೊಸಳೆ ಬಾಯೋ?" ಅಂದ ಬಡಗಿ. "ಇಡಿ ಅದನ್ನ. ಈ ಹಿಡಿ ಟೊಳ್ಳು. ಎರಡು ಏಟು ಬಿದ್ದರೆ ಹಿಡಿ ನಿಮ್ಮ ಕೈಲಿ, ಅಲಗು ಪೊದೆಯಲ್ಲಿ."

ಮಡಚುವ ಚಾಕುಗಳನ್ನು ಅಂಗಡಿಯವಳು ತೆಗೆಯಹೋದಾಗ ಬೇಡ ಅಂದ. ಕೀಲು ಇರುವ ಕಡೆಯೇ ಸೊಂಟ ಮುರಿಯುವುದು; ಮರ ಸೀಳಬೇಕಾದರೆ ಮಡಚದ ಚಾಕೇ ಆಗಬೇಕು. ಒಂದೊಂದನ್ನೇ ಕೈಗೆ ತೆಗೆದುಕೊಂಡು ಅಳಿಯನಿಗೆ ತೋರಿಸುತ್ತಾ ಹೋದ. ಅಲಗಿನ ಉಕ್ಕು ಹಿಡಿಯೊಳಗೆ ಅರ್ಧಕ್ಕೆ ನಿಂತಿರಬಾರದು, ಕೊನೆತನಕ ಹೋಗಿರಬೇಕು. ಅಲಗು ಅಂಗೈ ಅಗಲಕ್ಕಿಂತ ಒಂದಿಷ್ಟು ಉದ್ದವಿದ್ದರೆ ಸಾಕು, ಅದಕ್ಕಿಂತ ಉದ್ದವಾದರೆ ತುದಿ ನಿಮ್ಮ ಮಾತು ಕೇಳುವುದಿಲ್ಲ. ಬೆನ್ನು ದಪ್ಪಗಿರಬೇಕು, ಅದರ ಅಂಚು ಚೂಪಾಗಿ ಚೌಕವಾಗಿರಬೇಕು, ಬೆಂಕಿ ಹೊತ್ತಿಸುವ ಲೋಹದ ಕಿಡಿ ಕಡ್ಡಿಯನ್ನು ಅದರಿಂದ ಉಜ್ಜಿದರೆ ಆಗಲೇ ಕಿಡಿ ಉದುರುವುದು. ಹಿಡಿಯ ಮೇಲೆ ಬೆರಳಿಗೊಂದು ಗುಂಡಿ ತೋಡಿದ್ದರೆ ಅದು ತೋಡಿದವನ ಕೈಗೆ ಸರಿ, ನಿಮ್ಮ ಕೈಗಲ್ಲ.

ಕೊನೆಗೆ ಮೂಲೆಯಲ್ಲಿದ್ದ ಒಂದು ಸಾದಾ ಚಾಕು ತೆಗೆಸಿದ. ಮರದ ಹಿಡಿ, ತೊಗಲಿನ ಒರೆ, ನೋಡಲು ಏನೂ ಇಲ್ಲ.

"ಇದಕ್ಕೆ ತುಕ್ಕು ಹಿಡಿಯುತ್ತೆ ಸಾರ್," ಅಂದಳು ಅಂಗಡಿಯವಳು.

"ಹಿಡೀಲಿ. ಒರೆಸಿ ಎಣ್ಣೆ ಹಚ್ಚೋಕೆ ಸೋಮಾರಿತನ ಇರೋನಿಗೆ ಚಾಕು ಯಾಕೆ?" ಅಂದು ಅಳಿಯನ ಕೈಗಿತ್ತ. "ಹಿಡಿದು ನೋಡು. ಗಟ್ಟಿಯಾಗಲ್ಲ ಕಣಪ್ಪ, ಹಕ್ಕಿ ಮರಿ ಹಿಡಿದ ಹಾಗೆ. ಹಾರಿಹೋಗಬಾರದು, ಸಾಯಲೂ ಬಾರದು."

ಆರು ವರ್ಷದಲ್ಲಿ ಮೊದಲ ಸಲ ಬಾಯಲ್ಲಿ ಏಕವಚನ ಬಂದಿತ್ತು. ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಗೊತ್ತಾಗದವರ ಹಾಗೆ ಇದ್ದರು.

ಅಲ್ಲಿಂದ ಐದಾರು ವಾರ ಅಳಿಯ ಅಂಗಡಿ ಮುಚ್ಚಿದ ಮೇಲೆ ನೇರ ಮಾವನ ಕೆಲಸದ ಕೋಣೆಗೆ ಬರತೊಡಗಿದ. ಸಾಣೆಕಲ್ಲಿನ ಮೇಲೆ ಅಲಗನ್ನು ಯಾವ ಓರೆಯಲ್ಲಿ ಇಡಬೇಕು, ಚಾಕುವಿನ ಬೆನ್ನಿಗೆ ಕೊಡತಿಯಿಂದ ಬಡಿದು ಕೊರಡನ್ನು ಹೇಗೆ ಸೀಳಬೇಕು, ಬೆಂಕಿ ಬೇಗ ಹಿಡಿಯಲೆಂದು ಒಣ ಕಡ್ಡಿಯ ಮೇಲೆ ಚಕ್ಕೆಯನ್ನು ಕಡಿದುಹಾಕದೆ ಸುರುಳಿ ಸುರುಳಿಯಾಗಿ ಎಬ್ಬಿಸಿ ನಿಲ್ಲಿಸುವುದು ಹೇಗೆ, ಎಲ್ಲ ಕಲಿತ. ಸಾಸಿವೆ ಕಾಳಿನ ಸ್ಕ್ರೂ ಹಿಡಿದ ಬೆರಳಿಗೆ ಆ ಸುರುಳಿ ಎಷ್ಟು ಬೇಗ ಒಲಿಯಿತೆಂದರೆ ಬಡಗಿಯೇ ಒಂದು ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಹೊಗಳಲಿಲ್ಲ. ಹೊಗಳಿಕೆ ಅವನ ಬಾಯಿಗೆ ಬರುವ ಪದಾರ್ಥವಲ್ಲ. ಆ ಕಡ್ಡಿಯನ್ನು ಮಾತ್ರ ಒಲೆಗೆ ಹಾಕದೆ ಉಳಿಗಳ ಪಕ್ಕ ಸಿಕ್ಕಿಸಿದ.

ಒಂದು ಸಂಜೆ ಅಳಿಯ ಗೂಟ ಕೆತ್ತುತ್ತಿದ್ದ. ಒಂದು ಕಡೆಗೆ ತಿರುಗಿ ಕೂತು, ಕೋಲನ್ನು ಮೊಣಕಾಲಿನಾಚೆ ಹಿಡಿದು, ಚಾಕುವನ್ನು ಮೈಯಿಂದ ದೂರಕ್ಕೆ ತಳ್ಳುತ್ತಿದ್ದ. ಅವತ್ತು ಜೊತೆಗೆ ಬಂದಿದ್ದ ಮಗಳು ಅದೇ ಹೊತ್ತಿಗೆ ಮೂರು ಲೋಟ ಚಹಾ ಹಿಡಿದು ಬಾಗಿಲಿಗೆ ಬಂದಳು.

"ಅದ್ಯಾಕೆ ಹಾಗೆ ಕೂತಿದೀಯ?" ಅಂದ ಬಡಗಿ. "ಗಂಡನ ಮೇಲೆ ಮುನಿಸಿಕೊಂಡ ಹೆಂಡತಿ ಕೂತ ಹಾಗಿದೆ."

"ತರಗತಿಯಲ್ಲಿ ಹೀಗೇ ಹೇಳಿದ್ದಾರೆ ಮಾವ. ತೊಡೆಯ ನಡುವೆ ಕೆತ್ತಬಾರದಂತೆ."

"ಹೇಳಿದೋರು ಜೀವನದಲ್ಲಿ ಎಷ್ಟು ಕುರ್ಚಿ ಮಾಡಿದ್ದಾರಂತೆ? ಸೊಂಟ ತಿರುಚಿಕೊಂಡು ಕೂತರೆ ಕೆತ್ತೋದು ಮರವನ್ನಲ್ಲ, ಗಾಳಿಯನ್ನ. ಮರ ಮೈಗೆ ತಾಗಿರಬೇಕು. ತೊಡೆ ಮೇಲಿಟ್ಟುಕೋ. ನಲವತ್ತು ವರ್ಷದಿಂದ ಹೀಗೇ ಕೂತಿದೀನಿ, ನೋಡು, ಎರಡು ಕಾಲೂ ಇವೆ."

ಮಗಳು ಕಿಸಕ್ಕನೆ ನಕ್ಕಳು. ಅಳಿಯನೂ ನಕ್ಕು ಬಡಗಿಯ ಎದುರಿಗೆ ಬಡಗಿಯ ಹಾಗೇ ಕಾಲು ಅಗಲಿಸಿ ಕೂತು ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಗೂಟ ಬೇಗ ಬೇಗ ಸಾಗಿತು. ಅವತ್ತಿನಿಂದ ಅವನು ಕೂರುತ್ತಿದ್ದದ್ದೇ ಹಾಗೆ.

ಆಮೇಲೆ ಒಂದು ರಜೆಯಲ್ಲಿ ಮಾವ ಅಳಿಯ ಇಬ್ಬರೇ ಕಾಡಿಗೆ ಹೊರಟರು. ಮಗಳು ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುತ್ತಿದ್ದವಳು ಬಸ್ ನಿಲ್ದಾಣದವರೆಗೂ ಬಂದಳು. "ಇಬ್ಬರನ್ನೂ ಒಟ್ಟಿಗೆ ಕಳಿಸ್ತಿದೀನಿ, ಇಬ್ಬರೂ ಒಟ್ಟಿಗೆ ಬರಬೇಕು," ಅಂತ ತಮಾಷೆ ಮಾಡಿದಳು. ಕಾಡಿನ ಗೇಟಿನಲ್ಲಿ ಇಳಿದು ಎರಡು ಗಂಟೆ ನಡೆದು ಒಂದು ತೊರೆಯ ಪಕ್ಕ ಚೀಲ ಇಳಿಸಿದರು. ಬಿದ್ದ ಒಣ ಕೊಂಬೆಯನ್ನು ಅಳಿಯ ಸೀಳಿದ. ಸುರುಳಿ ಎಬ್ಬಿಸಿದ. ಚಾಕುವಿನ ಬೆನ್ನಿನಿಂದ ಕಿಡಿ ಉದುರಿಸಿದ. ಮೂರನೇ ಸಲಕ್ಕೆ ಬೆಂಕಿ ಹೊತ್ತಿತು.

"ಮಾವ, ನೋಡಿ!" ಅಂದವನ ಕನ್ನಡಕದ ಎರಡೂ ಗಾಜಿನಲ್ಲಿ ಬೆಂಕಿ ಕಾಣುತ್ತಿತ್ತು. ಬಡಗಿಗೆ ಆ ಕ್ಷಣ ಗಂಡುಮಗನಿದ್ದಿದ್ದರೆ ಹೀಗೇ ಇರುತ್ತಿತ್ತೇನೋ ಅನ್ನಿಸಿತು. ನೀರು ತರುತ್ತೇನೆ ಅಂತ ಪಾತ್ರೆ ತೆಗೆದುಕೊಂಡು ತೊರೆಗೆ ಇಳಿದ. ಅಳಿಯ ಒಂದು ಬಂಡೆಯ ಮೇಲೆ ಕೂತು ಡೇರೆಗೆ ಗೂಟ ಕೆತ್ತತೊಡಗಿದ.

ಪಾತ್ರೆ ಅರ್ಧ ತುಂಬಿರಬೇಕು.

"ಮಾವ, ಸ್ವಲ್ಪ ಬನ್ನಿ."

ಕೂಗಿದ್ದಲ್ಲ. ಸ್ಕ್ರೂ ಕೆಳಗೆ ಬಿದ್ದಿದೆ, ಹುಡುಕಿಕೊಡಿ ಅನ್ನುವ ಹಾಗೆ ಕರೆದದ್ದು. ಬಡಗಿ ಮೇಲೆ ಬರುವಷ್ಟರಲ್ಲಿ ಅಳಿಯ ಬಂಡೆಯಿಂದ ಜಾರಿ ನೆಲಕ್ಕೆ ಕೂತಿದ್ದ. ಬಲತೊಡೆಯ ಒಳಗಡೆ, ಮೇಲೆ, ತೊಡೆಸಂದಿಗೆ ಹತ್ತಿರ, ಪ್ಯಾಂಟು ಕಪ್ಪಾಗುತ್ತಾ ಬಂದು ಆ ಕಪ್ಪು ನೆಲಕ್ಕೆ ಹರಿಯುತ್ತಿತ್ತು. ಕೋಲಿನಲ್ಲಿ ಒಂದು ಗಂಟಿತ್ತು. ಗಂಟಿಗೆ ಚಾಕು ತಡೆದು ನಿಂತಾಗ ಅಳಿಯ ಜೋರಾಗಿ ಒತ್ತಿದ್ದ, ಅದು ಜಾರಿ ತೊಡೆಗೆ ಇಳಿದಿತ್ತು.

ಬಡಗಿ ಬೆಲ್ಟು ಬಿಚ್ಚಿ ಕಟ್ಟಲು ನೋಡಿದ. ಗಾಯ ತುಂಬಾ ಮೇಲಿತ್ತು, ಅದರ ಮೇಲೆ ಕಟ್ಟಲು ಜಾಗವೇ ಇರಲಿಲ್ಲ. ತನ್ನ ಅಂಗಿ ಕಳಚಿ ಉಂಡೆ ಮಾಡಿ, ಎರಡೂ ಮುಷ್ಟಿ ಸೇರಿಸಿ, ಮೈಭಾರ ಬಿಟ್ಟು ಒತ್ತಿದ. ಮರದ ಕುಳಿಗೆ ಗೂಟ ಹೊಡೆದು ಕೂರಿಸುವ ಕೈಗಳು ಅವು. ಅವುಗಳ ಸಂದಿಯಿಂದ ಬೆಚ್ಚಗೆ ಬರುತ್ತಲೇ ಇತ್ತು. ಫೋನು ಚೀಲದಲ್ಲಿತ್ತು, ಚೀಲ ಹತ್ತು ಹೆಜ್ಜೆ ಆಚೆಗಿತ್ತು. ಕೈ ತೆಗೆದರೆ ಹೋಯಿತು. ತೆಗೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬಡಗಿ ಕೈ ತೆಗೆಯದೆ ಕೂಗಿದ. ಗಂಟಲು ಹರಿಯುವಂತೆ ಕೂಗಿದ.

"ತುಂಬಾ ಆಳ ಇದೆಯಾ ಮಾವ?"

"ಇಲ್ಲ, ಇಲ್ಲ. ಏನಿಲ್ಲ. ಮಾತಾಡಬೇಡ."

"ಅವಳಿಗೆ ಹೇಳಬೇಡಿ. ಬೈತಾಳೆ."

"ಇಲ್ಲಪ್ಪ, ಹೇಳಲ್ಲ."

"ಚಳಿ ಆಗ್ತಿದೆ. ಬೆಂಕಿ ಆರಿಹೋಯ್ತಾ?"

ಬೆಂಕಿ ಎರಡಡಿ ದೂರದಲ್ಲಿ ಧಗಧಗ ಉರಿಯುತ್ತಿತ್ತು.

ಕೂಗು ಕೇಳಿ ಹತ್ತಿರದಲ್ಲಿ ಗಸ್ತು ತಿರುಗುತ್ತಿದ್ದ ಅರಣ್ಯ ಇಲಾಖೆಯ ಕಾವಲುಗಾರ ಓಡಿ ಬಂದಾಗ ಬಡಗಿ ಇನ್ನೂ ಒತ್ತುತ್ತಲೇ ಇದ್ದ. ಕಾವಲುಗಾರ ಪಕ್ಕದಲ್ಲಿ ಕೂತು, ಅಳಿಯನ ಕುತ್ತಿಗೆಗೆ ಎರಡು ಬೆರಳಿಟ್ಟು ನೋಡಿ, "ಬಿಡಿ ಯಜಮಾನ್ರೇ," ಅಂದ. ಬಡಗಿ ಬಿಡಲಿಲ್ಲ. ಕೊನೆಗೆ ಅವನೇ ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಅರಣ್ಯ ಕಚೇರಿಯಲ್ಲಿ ಬಡಗಿಯನ್ನು ಬೆಂಚಿನ ಮೇಲೆ ಕೂರಿಸಿ ಹೇಳಿಕೆ ಬರೆದುಕೊಂಡರು. ಆಕಸ್ಮಿಕ ಅಂತ ಬರೆದರು. ಕಾವಲುಗಾರ ಒಳ್ಳೆಯವನು, ನೀರು ತಂದುಕೊಟ್ಟ. "ಹೊಸಬರು ಮಾಡೋ ತಪ್ಪು ಇದು. ತೊಡೆಯೊಳಗೆ ದೊಡ್ಡ ರಕ್ತನಾಳ ಇರುತ್ತೆ, ಅಲ್ಲಿ ತಗುಲಿದರೆ ಹತ್ತು ನಿಮಿಷವೂ ಇಲ್ಲ. ಅದಕ್ಕೇ ಪಕ್ಕಕ್ಕೆ ತಿರುಗಿ ಕೆತ್ತಿ ಅಂತ ಮೊದಲ ದಿನವೇ ಹೇಳಿಕೊಡೋದು. ಪಾಪ, ಇವರಿಗೆ ಯಾರೂ ಹೇಳಿಲ್ಲ ಅನ್ಸುತ್ತೆ." ಆಮೇಲೆ ಒರೆಸಿಟ್ಟಿದ್ದ ಚಾಕುವನ್ನು ತಿರುಗಿಸಿ ನೋಡುತ್ತಾ, "ಚಾಕೇನೋ ಬಹಳ ಒಳ್ಳೇದು. ಆರಿಸಿದೋರು ತಿಳಿದೋರೇ," ಅಂದ.

ಬಡಗಿ ಅದನ್ನು ಅಲ್ಲೇ ಬಿಟ್ಟು ಬಂದ.

ನಲವತ್ತು ವರ್ಷ ತೊಡೆಯ ಮೇಲೆ ಮರ ಇಟ್ಟು ಕೆತ್ತಿದರೂ ತನಗೇನೂ ಆಗಲಿಲ್ಲವಲ್ಲ, ಯಾಕೆ ಅಂತ ಬಡಗಿಗೆ ಹೊಳೆದದ್ದು ಊರಿಗೆ ಬಂದ ಮೂರನೇ ದಿನ. ಕೆಲಸದ ಕೋಣೆಗೆ ಹೋಗಿ, ಏನೂ ಯೋಚಿಸದೆ, ಕೆಲಸದ ಹೊತ್ತಿಗೆ ಮೈ ಮುಂದೆ ಕಟ್ಟಿಕೊಳ್ಳುವ ಎಮ್ಮೆ ತೊಗಲಿನ ಮುಂಗಟ್ಟನ್ನು ಗೋಡೆಯ ಮೊಳೆಯಿಂದ ತೆಗೆದು ಕಟ್ಟಿಕೊಂಡ. ಸೊಂಟದಿಂದ ಮೊಣಕಾಲಿನವರೆಗೆ ಎರಡು ಪದರ. ಎದುರಿಗೆ ಬರುವ ಜಾಗದಲ್ಲಿ ನೂರಾರು ಗೀರು. ಒಂದೊಂದು ಗೀರೂ ತಪ್ಪಿಹೋದ ಒಂದೊಂದು ಸಾವು. ದಿನಾ ಕಟ್ಟಿಕೊಂಡು ಕಟ್ಟಿಕೊಂಡು ಅದು ತನ್ನ ಚರ್ಮವೇ ಆಗಿಹೋಗಿತ್ತು. ಅಳಿಯನ ಮೈಮೇಲೆ ಅದಿಲ್ಲ ಅನ್ನುವುದು ಒಂದೇ ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ. ಬಡಗಿ ಅದನ್ನು ಬಿಚ್ಚಿ ಮತ್ತೆ ಮೊಳೆಗೆ ನೇತುಹಾಕಿದ.

ಆಮೇಲೆ ಅವನು ಉಳಿ ಮುಟ್ಟಲಿಲ್ಲ. ವಾಚನಾಲಯಕ್ಕೆ ಒಪ್ಪಿಕೊಂಡಿದ್ದ ಹನ್ನೆರಡು ಕುರ್ಚಿಗಳಲ್ಲಿ ಐದು ಆಗಿದ್ದವು, ಉಳಿದವು ಆಗಲೇ ಇಲ್ಲ.

ಮಗಳು ತನ್ನ ಮನೆಗೆ ಬೀಗ ಹಾಕಿ ಅಪ್ಪನ ಮನೆಗೆ ಬಂದಿದ್ದಳು. ಬಂದ ನೆಂಟರೆಲ್ಲ ಬಡಗಿಯ ಕೈ ಹಿಡಿದು, "ನೀವು ಜೊತೇಲಿದ್ದಿರಿ, ಅದೇ ಪುಣ್ಯ. ಒಬ್ಬನೇ ಇದ್ದಿದ್ದರೆ ಏನಾಗ್ತಿತ್ತು?" ಅನ್ನುತ್ತಿದ್ದರು. ಒಬ್ಬನೇ ಇದ್ದಿದ್ದರೆ ಪಕ್ಕಕ್ಕೆ ತಿರುಗಿ ಕೂರುತ್ತಿದ್ದ ಅಂತ ಬಡಗಿಯ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಊರಿಗೆಲ್ಲ ಹರಿತವಾಗಿದ್ದ ಆ ನಾಲಿಗೆ ಬೇಕಾದ ಹೊತ್ತಿಗೆ ಮೊಂಡಾಗಿತ್ತು.

ಮಗಳು ಅಳುತ್ತಿರಲಿಲ್ಲ. ಬಯ್ಯುತ್ತಿದ್ದಳು. ಬಟ್ಟೆ ಮಡಚುತ್ತಾ, ಪಾತ್ರೆ ತೊಳೆಯುತ್ತಾ, ಸತ್ತವನನ್ನು ಬಯ್ಯುತ್ತಿದ್ದಳು. "ಒಂದು ಮೊಳೆ ಹೊಡೆಯೋಕೆ ಬಾರದವರಿಗೆ ಕಾಡು ಯಾಕೆ ಬೇಕಿತ್ತು? ನೀನು ಹೇಳ್ತಿದ್ದದ್ದೇ ಸರಿ ಅಪ್ಪ. ಗಾಜಿನ ದೊರೆ!" ಬೆನ್ನ ಹಿಂದೆ ಇಟ್ಟ ಹೆಸರು ಅವಳಿಗೆ ಗೊತ್ತಿತ್ತು. ತಾನು ಆರು ವರ್ಷ ಆಡಿಕೊಂಡ ಮಾತುಗಳೆಲ್ಲ ಮಗಳ ಬಾಯಿಂದ ಬರುವುದನ್ನು ಬಡಗಿ ನಾಲ್ಕು ತಿಂಗಳು ಕೇಳಿದ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ಮತ್ತೆ ಶುರುಮಾಡಿದಳು. ಹಾಲು ಒಲೆಯ ಮೇಲಿತ್ತು.

"ಎಷ್ಟು ದಡ್ಡತನ ನೋಡಪ್ಪ. ಕ್ಲಾಸಲ್ಲಿ ಹೇಳಿಕೊಟ್ಟಿರ್ತಾರೆ ತಾನೆ?"

"ಹೇಳಿಕೊಟ್ಟಿದ್ರು."

"ಮತ್ತೆ?"

"ನಾನು ಬಿಡಿಸಿದೆ," ಅಂದ ಬಡಗಿ. "ಅವನು ಸರಿಯಾಗೇ ಕೂತಿದ್ದ. ಆಡಿಕೊಂಡು, ನಗೆಪಾಟಲು ಮಾಡಿ, ತೊಡೆ ಮೇಲಿಟ್ಟುಕೊಳ್ಳೋ ಹಾಗೆ ಮಾಡಿದ್ದು ನಾನು. ನನ್ನ ಮುಂಗಟ್ಟು ಅವನಿಗೆ ಇರಲಿಲ್ಲ. ಅದು ನನಗೆ ಹೊಳೀಲಿಲ್ಲ. ಅವನನ್ನ ಬೈಬೇಡಮ್ಮ. ಬೈಯೋದಾದ್ರೆ ನನ್ನ ಬೈ."

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಮಗಳು ಒಲೆ ಆರಿಸಲಿಲ್ಲ. ಬಡಗಿಯೇ ಎದ್ದು ಆರಿಸಿದ. ಅವಳು ಕಿರುಚುತ್ತಾಳೆ ಅಂದುಕೊಂಡಿದ್ದ. ಕಿರುಚಲಿ ಅಂತ ಬೇಡಿಕೊಂಡೂ ಇದ್ದ.

"ಅವತ್ತು ನಾನು ಚಹಾ ತಂದಿದ್ದೆ," ಅಂದಳು ಅವಳು.

"ಹೂಂ."

"ನೀನು ಹೇಳಿದಾಗ ಅವರು ಕೂಡಲೇ ತಿರುಗಲಿಲ್ಲ ಅಪ್ಪ. ಮೊದಲು ನನ್ನ ಮುಖ ನೋಡಿದ್ರು. ಏನಂತೀಯ ಅನ್ನೋ ಹಾಗೆ. ನಾನು ನಕ್ಕೆ." ಅವಳು ಉಕ್ಕಿದ ಹಾಲನ್ನು ಒರೆಸತೊಡಗಿದಳು. "ನಿನ್ನ ಮಾತಿಗಲ್ಲ ಅವರು ತಿರುಗಿ ಕೂತಿದ್ದು. ನನ್ನ ನಗುವಿಗೆ."

"ಹಾಗಲ್ಲಮ್ಮ..."

"ಇಷ್ಟು ದಿನ ಅದನ್ನ ಮರೆತ ಹಾಗೆ ಅವರನ್ನ ಬೈಕೊಂಡಾದ್ರೂ ಇದ್ದೆ. ನೀನು ಯಾಕೆ ಹೇಳಿದೆ?"

ಸತ್ಯ ಹೇಳಿದರೆ ಮಗಳ ಮನಸ್ಸು ಹಗುರಾಗುತ್ತದೆ, ತನ್ನದು ಇನ್ನಷ್ಟು ಭಾರವಾಗುತ್ತದೆ, ಅದೇ ತನಗೆ ತಕ್ಕ ಶಾಸ್ತಿ ಅಂತ ಬಡಗಿ ಅಂದುಕೊಂಡಿದ್ದ. ಆದದ್ದು ಬೇರೆ. ಒಬ್ಬರು ಹೊರುತ್ತಿದ್ದದ್ದನ್ನು ಈಗ ಇಬ್ಬರು ಹೊರಬೇಕಾಯಿತು, ಹಂಚಿಕೊಂಡರೂ ಅದು ಅರ್ಧವಾಗಲಿಲ್ಲ.

ಆ ವಾರವೇ ಮಗಳು ತನ್ನ ಮನೆಗೆ ಹಿಂತಿರುಗಿದಳು. ಬಡಗಿ ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದ. ಮೂರು ಮಹಡಿ ಮೆಟ್ಟಿಲು. ಅವಳು ಬಾಗಿಲು ತೆಗೆಯುತ್ತಿದ್ದಳು, ನೀರು ಕೊಡುತ್ತಿದ್ದಳು, ಎದುರಿಗೆ ಕೂರುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಹೇಗಿದೆ ಅಂದರೆ ಇದೆ ಅನ್ನುತ್ತಿದ್ದಳು. ಊಟ ಆಯ್ತಾ ಅಂದರೆ ಆಯ್ತು ಅನ್ನುತ್ತಿದ್ದಳು. ಅವಳು ತೆಳ್ಳಗಾಗಿದ್ದಳು. ಅರ್ಧ ಗಂಟೆ ಕೂತು ಬಡಗಿ ಎದ್ದು ಬರುತ್ತಿದ್ದ.

ಹೀಗೇ ಒಂದು ಭಾನುವಾರ ಅವಳು ಅವನ ಜೊತೆ ಮೆಟ್ಟಿಲವರೆಗೂ ಬಂದಳು.

"ಅಪ್ಪ, ಮುಂದಿನ ವಾರ ಬರಬೇಡ."

"ಎಲ್ಲಾದ್ರೂ ಹೋಗ್ತಿದೀಯಾ?"

"ಇಲ್ಲ. ಇನ್ನು ಬರಬೇಡ." ಅವಳು ಮೆಟ್ಟಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. "ನಿನ್ನ ಮೇಲೆ ಕೋಪ ಇಲ್ಲ. ಆಣೆ ಮಾಡಿ ಹೇಳ್ತೀನಿ, ಇಲ್ಲ. ಆದರೆ ನಿನ್ನ ಮುಖ ನೋಡಿದಾಗೆಲ್ಲ ನಾನು ನಕ್ಕಿದ್ದು ನನಗೇ ಕೇಳಿಸುತ್ತೆ. ಆಮೇಲೆ ಇಡೀ ವಾರ ಕೇಳಿಸುತ್ತೆ."

ಬಡಗಿ ತಲೆಯಾಡಿಸಿದ. "ಔಷಧಿ ಅಂಗಡಿಯವಳು ನೀನು, ನಿದ್ದೆ ಬರದಿದ್ರೆ ಏನಾದ್ರೂ..." ಅಂತ ಶುರುಮಾಡಿ ನಿಲ್ಲಿಸಿದ. "ಸರಿ ಕಣಮ್ಮ," ಅಂದು ಮೆಟ್ಟಿಲಿಳಿದ. ಎರಡನೇ ಮಹಡಿಯ ಹತ್ತಿರ ನಿಂತು ಕಿವಿಗೊಟ್ಟ. ಬಾಗಿಲು ಮುಚ್ಚಿದ ಸದ್ದು ಬಂತು. ಚಿಲಕ ಹಾಕಿದ್ದೂ ಕೇಳಿಸಿತು.

ಮುಂದಿನ ಭಾನುವಾರ ಬಡಗಿ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ಎಂದಿನಂತೆ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿ ಕೂರುತ್ತಾನೆ. ಬೀದಿಯ ತಿರುವಿನಲ್ಲಿ ಹತ್ತೂವರೆಯ ಬಸ್ಸು ಬಂದು ನಿಲ್ಲುತ್ತದೆ, ಹತ್ತುವವರು ಹತ್ತುತ್ತಾರೆ. ಅದು ಹೋದ ಮೇಲೆ ಎದ್ದು ಒಳಗೆ ಹೋಗಿ ಅಂಗಿ ಬಿಚ್ಚಿಡುತ್ತಾನೆ.